ಉಕ್ರೇನಿಯನ್ ಉಚ್ಚಾರಣೆಯ ಅಭ್ಯಾಸ

ಉಕ್ರೇನಿಯನ್ ಉಚ್ಚಾರಣೆಯ ಅಭ್ಯಾಸ: ಪೂರ್ವ ಸ್ಲಾವಿಕ್ ಶಾಖೆಗೆ ಸೇರಿದ ಉಕ್ರೇನಿಯನ್ ಭಾಷೆಯ ಧ್ವನಿಗಳನ್ನು ಅನ್ಯಭಾಷಿಕರು, ಅದರಲ್ಲಿಯೂ ಇಂಗ್ಲಿಷನ್ನು ಮನೆಮಾತಾಗಿಯೋ ವ್ಯಾಸಂಗದ ಭಾಷೆಯಾಗಿಯೋ ಉಳ್ಳವರು, ಕಲಿಯುವ ಕ್ರಮ ಹಾಗೂ ಆ ಕ್ರಮದಲ್ಲಿ ಎದುರಾಗುವ ತೊಡಕುಗಳ ವಿಚಾರ. ಈ ಭಾಷೆಯ ಪರಿಚಯಗ್ರಂಥಗಳಲ್ಲಿ ನಮ್ಮ ಕೈಗೆ ಬರುವವು ಬಹುಮಟ್ಟಿಗೆ ಇಂಗ್ಲಿಷರಿಗಾಗಿ ರಚಿತವಾದವುಗಳಾದುದರಿಂದ, ದಾವಣಗೆರೆ ಹರಿಹರಗಳ ಸೀಮೆಯಿಂದ ವೈದ್ಯವಿದ್ಯೆಗೆಂದು ಉಕ್ರೇನಿಗೆ ತೆರಳಿದ ಕನ್ನಡಿಗನೂ ಆ ಭಾಷೆಯನ್ನು ಇಂಗ್ಲಿಷಿನ ಬಾಗಿಲಿನಿಂದಲೇ ಪ್ರವೇಶಿಸಬೇಕಾಗಿ ಬಂದಿತು. ಆದರೆ ಆಂಗ್ಲರ ನಾಲಗೆಗೆ ದುಸ್ಸಾಧ್ಯವೆನಿಸುವ ಹಲವು ಧ್ವನಿಗಳು ಕನ್ನಡಿಗರ ಬಾಯಲ್ಲಿ ಹುಟ್ಟಿನಿಂದಲೇ ಇರುವುದರಿಂದಲೂ, ಅವರಿಗೆ ಸುಲಭವಾದ ಕೆಲವು ನಮಗೆ ಕಠಿನವಾಗುವುದರಿಂದಲೂ, ಈ ಎರಡು ಬಗೆಯ ಕಲಿಯುವವರ ದಾರಿ ಒಂದೇ ಅಲ್ಲ. ಎರಡನ್ನೂ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಲೇಖನದಲ್ಲಿ ಉಕ್ರೇನಿಯನ್ ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದೆ. ಝೀಬ್ರಾ ಎಂಬ ಮೃಗದ ಇಂಗ್ಲಿಷ್ ಹೆಸರಿನ ಮೊದಲ ಧ್ವನಿಯನ್ನು ಜ಼ ಎಂದೂ, ಕಾಫಿ ಎಂಬಲ್ಲಿಯ ಧ್ವನಿಯನ್ನು ಫ಼ ಎಂದೂ, ಖಬರು ಖರ್ಚು ಮುಂತಾದ ಪದಗಳನ್ನು ಉರ್ದು ಬಲ್ಲವರು ನುಡಿಯುವಾಗ ಗಂಟಲ ಸಮೀಪದಲ್ಲಿ ಉಜ್ಜಿ ಹೊರಡುವ ಧ್ವನಿಯನ್ನು ಖ಼ ಎಂದೂ, ಷಕಾರಕ್ಕೆ ನಾದವನ್ನು ಕೂಡಿಸಿದರೆ ಬರುವ ಧ್ವನಿಯನ್ನು ಝ಼ ಎಂದೂ ಬರೆದಿದೆ.

ಭಾಷೆ ಮತ್ತು ಲಿಪಿ

ಉಕ್ರೇನಿಯನ್ ಭಾಷೆ ರಷ್ಯನ್, ಬೆಲರೂಸಿಯನ್ ಭಾಷೆಗಳ ಸೋದರಿ. ದೂರದ ಸಂಬಂಧದಲ್ಲಿ ಸಂಸ್ಕೃತಕ್ಕೂ ಜ್ಞಾತಿ. ಆ ಭಾಷೆಯ 'ಬ್ರಾತ್', 'ಮಾತಿ', 'ತ್ರಿ' ಎಂಬ ಪದಗಳಲ್ಲಿ ಭ್ರಾತೃ, ಮಾತೃ, ತ್ರಿ ಎಂಬ ಸಂಸ್ಕೃತ ರೂಪಗಳನ್ನೂ, ಅರಿವೆಂಬ ಅರ್ಥದ 'ಜ಼್ನಾನ್ನ್ಯಾ' ಎಂಬ ಪದದಲ್ಲಿ ಜ್ಞಾನಶಬ್ದದ ಬಂಧುವನ್ನೂ ತತ್ಸಮಪರಿಚಯವುಳ್ಳ ಕನ್ನಡಿಗನು ಪ್ರಯಾಸವಿಲ್ಲದೆ ಗುರುತಿಸುವನು. ಈ ಬಾಂಧವ್ಯವನ್ನು ಆ ದೇಶದವರೂ ಅರಿತಿದ್ದರು. ಕವಯಿತ್ರಿ ಲೇಸ್ಯಾ ಉಕ್ರಾಯಿನ್ಕಾ (1871–1913) ಋಗ್ವೇದದ ಕೆಲವು ಸೂಕ್ತಗಳನ್ನು ತನ್ನ ಭಾಷೆಗೆ ತಂದಳು. ಖಾರ್ಕಿವ್ ನಗರದ ಸಂಸ್ಕೃತ ವಿದ್ವಾಂಸ ಪಾವ್ಲೊ ರಿಟ್ಟರ್ (1872–1939) ಕಾಳಿದಾಸನ ಮೇಘದೂತವನ್ನು ಉಕ್ರೇನಿಯನಿಗೆ ಭಾಷಾಂತರಿಸಿದನು.

ಇವಾನ್ ಕೊತ್ಲ್ಯರೇವ್‌ಸ್ಕಿಯ 'ಎನೆಯೀದಾ' 1798ರಲ್ಲಿಯೂ ತರಾಸ್ ಶೆವ್‌ಚೆಂಕೊವಿನ 'ಕೊಬ್ಜ಼ಾರ್' 1840ರಲ್ಲಿಯೂ ಪ್ರಕಟವಾಗಿ, ಜನರಾಡುವ ನುಡಿಯೇ ಸಾಹಿತ್ಯದ ನುಡಿಯಾಗುವುದಕ್ಕೆ ದಾರಿಯಾಯಿತು. ಝಾರನ ಸರಕಾರವು 1863ರ ಸುತ್ತೋಲೆಯಿಂದಲೂ 1876ರ ಆಜ್ಞೆಯಿಂದಲೂ ಈ ಭಾಷೆಯ ಮುದ್ರಣವನ್ನು ನಿರ್ಬಂಧಿಸಿತಾದರೂ, ಭಾಷೆ ಜನರ ಬಾಯಲ್ಲಿ ಉಳಿದುಕೊಂಡಿತು. 1928ರಲ್ಲಿ, ಖಾರ್ಕಿವ್ ರಾಜಧಾನಿಯಾಗಿದ್ದ ಕಾಲದಲ್ಲಿ, ಸಮಗ್ರವಾದ ವರ್ಣವಿನ್ಯಾಸನಿಯಮಗಳು ಅಂಗೀಕೃತವಾದವು. ಈಗ ಅನುಸರಣೆಯಲ್ಲಿರುವ ನಿಯಮಗಳು 2019ರವು.

ಇಲ್ಲಿ ಬಳಕೆಯಲ್ಲಿರುವುದು ಸಿರಿಲಿಕ್ ಲಿಪಿ, ಅಕ್ಷರಗಳು 33. ಸಾಮಾನ್ಯವಾದ ಎಣಿಕೆಯಂತೆ ಭಾಷೆಯ ಮೂಲಧ್ವನಿಗಳು 38. ಅವುಗಳಲ್ಲಿ ಸ್ವರಗಳು 6, ವ್ಯಂಜನಗಳು 32. ಬರೆದಂತೆ ಓದುವುದೆಂಬ ಗುಣ ಇಂಗ್ಲಿಷಿಗಿಂತ ಈ ಲಿಪಿಯಲ್ಲಿ ಎಷ್ಟೋ ಮಿಗಿಲಾಗಿದ್ದು, ಈ ಸ್ವಭಾವವು ಕನ್ನಡ ಬಲ್ಲವನಿಗೆ ಹೊಸದಲ್ಲ.

ದಾವಣಗೆರೆ, ಹರಿಹರ ಸೀಮೆಯ ಸಂಬಂಧ

ದಾವಣಗೆರೆಯು ಹತ್ತಿಯ ಗಿರಣಿಗಳ ಊರೆಂಬ ಖ್ಯಾತಿಯಿಂದ ವಿದ್ಯಾಲಯಗಳ ಊರೆಂಬ ಖ್ಯಾತಿಗೆ ಸಾಗಿದ ನಗರ. ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯವು 1965ರಲ್ಲಿ ಇಲ್ಲಿ ಸ್ಥಾಪಿತವಾಯಿತು, ಎಸ್.ಎಸ್. ವೈದ್ಯವಿಜ್ಞಾನ ಸಂಸ್ಥೆ ಅನಂತರ ಬಂದಿತು. ಹೀಗಿದ್ದರೂ ಪ್ರವೇಶಕ್ಕೆ ಸ್ಪರ್ಧೆ ಬಹಳವಾಗಿ, ಖಾಸಗಿ ಸೀಟಿನ ವೆಚ್ಚ ಸಾಮಾನ್ಯ ಗೃಹಸ್ಥನ ಶಕ್ತಿಗೆ ಮೀರಿದುದಾಗಿ, ಮಧ್ಯ ಕರ್ನಾಟಕದ ಹಲವು ಕುಟುಂಬಗಳು ಮಕ್ಕಳನ್ನು ಉಕ್ರೇನಿನ ವೈದ್ಯಕೀಯ ವಿಶ್ವವಿದ್ಯಾಲಯಗಳಿಗೆ ಕಳುಹಿಸಿದವು. 2022ರ ಫೆಬ್ರುವರಿ 24ರಂದು ಯುದ್ಧವು ವ್ಯಾಪಕವಾಗಿ ಸ್ಫೋಟಿಸಿದಾಗ ಆ ದೇಶದಲ್ಲಿದ್ದ ಭಾರತೀಯರಲ್ಲಿ ಬಹುಮಂದಿ ಇಂಥ ವಿದ್ಯಾರ್ಥಿಗಳೇ ಆಗಿದ್ದರು. ಭಾರತ ಸರಕಾರವು 'ಆಪರೇಷನ್ ಗಂಗಾ' ಎಂಬ ಹೆಸರಿನಿಂದ ಅವರನ್ನು ಸ್ವದೇಶಕ್ಕೆ ಕರೆತಂದಿತು. ಹರಿಹರದಿಂದ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೋದರೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಸಿಗುವ ಚಳಗೇರಿ ಗ್ರಾಮದ ವಿದ್ಯಾರ್ಥಿಯೊಬ್ಬನು ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಾಳಿಗೆ ಬಲಿಯಾದನು. ಅದೇ ತಿಂಗಳ 21ರಂದು ಊರಿಗೆ ಬಂದ ಅವನ ದೇಹವನ್ನು ತಂದೆತಾಯಿಗಳು ದಾವಣಗೆರೆಯ ಎಸ್.ಎಸ್. ವೈದ್ಯವಿಜ್ಞಾನ ಸಂಸ್ಥೆಗೆ ವ್ಯಾಸಂಗಾರ್ಥವಾಗಿ ದಾನಮಾಡಿದರು.

ಈ ವಿದ್ಯಾರ್ಥಿಗಳಿಗೆ ಪಾಠ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದರೂ, ಆಸ್ಪತ್ರೆಯ ಹಾಸಿಗೆಯ ಬಳಿ ನಿಂತು ರೋಗಿಯ ನೋವನ್ನು ಕೇಳಿ ತಿಳಿಯಬೇಕಾದಾಗ ಅಲ್ಲಿಯ ಜನರ ಭಾಷೆಯಿಲ್ಲದೆ ಗತ್ಯಂತರವಿರಲಿಲ್ಲ. ಅದೂ ಅಲ್ಲದೆ ಖಾರ್ಕಿವ್‌ನಂಥ ಪೂರ್ವದ ನಗರಗಳ ಬೀದಿಗಳಲ್ಲಿ ರಷ್ಯನ್ ಭಾಷೆಯೇ ಬಹಳವಾಗಿ ಕೇಳಿಬರುತ್ತಿದ್ದುದರಿಂದ, ಹೋಲಿಕೆಯುಳ್ಳ ಎರಡು ಧ್ವನಿವ್ಯವಸ್ಥೆಗಳನ್ನು ಬೇರ್ಪಡಿಸಿ ಗ್ರಹಿಸುವ ಹೊರೆಯೂ ಕಲಿಯುವವನ ಮೇಲೆ ಬೀಳುತ್ತಿತ್ತು. ನೀರೆಂಬ ಅರ್ಥದ ಪದವನ್ನು ಉಕ್ರೇನಿಯನರು 'ವೊದಾ' ಎಂದು ಬರೆದಂತೆಯೇ ನುಡಿದರೆ, ರಷ್ಯನರು ಆಘಾತವಿಲ್ಲದ ಒಕಾರವನ್ನು ಅಕಾರದತ್ತ ತಿರುಗಿಸಿ 'ವದಾ' ಎನ್ನುವರು.

ಆಂಗ್ಲಮಾರ್ಗ ಮತ್ತು ಅದರ ತೊಡಕು

ಇಂಗ್ಲಿಷರು ಉಕ್ರೇನಿಯನನ್ನು ನುಡಿಯಲು ಹೊರಟಾಗ ಅವರಲ್ಲಿ ಕಾಣುವ ದೋಷಗಳು ಮುಖ್ಯವಾಗಿ ನಾಲ್ಕು. ಪದಾದಿಯ ಪ, ತ, ಕಗಳಿಗೆ ಅವರು ಅರಿವಿಲ್ಲದೆಯೇ ಉಸಿರನ್ನು ಕೂಡಿಸಿ ಮಹಾಪ್ರಾಣದ ಛಾಯೆಯನ್ನು ತರುವರು. ತಕಾರ ದಕಾರಗಳನ್ನು ಹಲ್ಲಿನ ಬೆನ್ನಿಗೆ ತಾಗಿಸದೆ ಅದರ ಮೇಲಣ ವಸಡಿನ ಬಳಿ ಉಚ್ಚರಿಸುವರು. ಎ, ಒ ಎಂಬ ಶುದ್ಧಸ್ವರಗಳನ್ನು ಎಯ್, ಒವ್ ಎಂದು ಜಾರಿಸುವರು. ಒತ್ತಿಲ್ಲದ ಸ್ವರಗಳನ್ನೆಲ್ಲ ನುಂಗಿಬಿಡುವರು. ಆದುದರಿಂದ ಅವರ ಪಾಠಪುಸ್ತಕಗಳ ಆರಂಭದ ಪುಟಗಳು ಈ ದೋಷಗಳ ನಿವಾರಣೆಗೇ ಮೀಸಲಾಗಿರುತ್ತವೆ.

ಕನ್ನಡಿಗನಿಗೆ ಈ ನಾಲ್ಕೂ ಜನ್ಮತಃ ಇಲ್ಲದ ದೋಷಗಳು. ಪಾಲು ಎಂಬಲ್ಲಿಯ ಪಕಾರವೂ ತಾಯಿ ಎಂಬಲ್ಲಿಯ ತಕಾರವೂ ಕಲ್ಲು ಎಂಬಲ್ಲಿಯ ಕಕಾರವೂ ಉಕ್ರೇನಿಯನ್ ಧ್ವನಿಗಳಿಗೆ ಬಹು ಸಮೀಪವಾದವು. ರಕಾರವಾದರೋ ಆಂಗ್ಲರಿಗೆ ತಿಂಗಳುಗಟ್ಟಲೆ ಅಭ್ಯಾಸವನ್ನು ಬೇಡುವಂಥದು, ನಮಗೆ ಅಂಬೆಗಾಲಿಡುವ ವಯಸ್ಸು ಕಳೆದ ಮೇಲೆ ತಾನಾಗಿಯೇ ಬರುವಂಥದು. ಆದರೂ ವಿಚಿತ್ರವೆಂದರೆ, ಇಂಗ್ಲಿಷಿನ ಮೂಲಕ ಕಲಿಯಹೊರಟ ಕನ್ನಡಿಗನು ತನಗಿಲ್ಲದ ದೋಷವನ್ನು ಎರವಲಾಗಿ ಪಡೆಯುತ್ತಾನೆ. ಆಂಗ್ಲರ ವಸಡಿನ ತಕಾರ ದಕಾರಗಳನ್ನು ನಮ್ಮ ಕಿವಿಗಳು ಟಕಾರ ಡಕಾರಗಳೆಂದು ಗ್ರಹಿಸಿ ಟೇಬಲ್ಲು, ಡಾಕ್ಟರು ಎಂಬ ರೂಪಗಳನ್ನು ಮಾಡಿಕೊಂಡಿರುವುದು ಎಲ್ಲರಿಗೂ ತಿಳಿದದ್ದೇ. ಇದೇ ಸಂಸ್ಕಾರದಿಂದ, ರೋಮನ್ ಲಿಪಿಯಲ್ಲಿ ಬರೆದ ಉಕ್ರೇನಿಯನ್ ಪದವನ್ನು ನೋಡಿದೊಡನೆ 'ಹೌದು' ಎಂಬರ್ಥದ 'ತಾಕ್' ಎಂಬುದು 'ಟಾಕ್' ಆಗುತ್ತದೆ. ಧನ್ಯವಾದವನ್ನು ಹೇಳುವ 'ದ್ಯಾಕುಯು' ಎಂಬುದು 'ಡ್ಯಾಕುಯು' ಆಗುತ್ತದೆ. ಉಕ್ರೇನಿಯನಿನಲ್ಲಿ ಟ, ಡ, ಣ, ಳ ಎಂಬ ಮೂರ್ಧನ್ಯಗಳು ಇಲ್ಲವೇ ಇಲ್ಲ. ಮನೆಯಲ್ಲಿಯೇ ಇದ್ದ ತಕಾರವನ್ನು ಬಿಟ್ಟು, ಇಂಗ್ಲಿಷಿನ ಮೂಲಕ ಸುತ್ತಿ ಬಂದು, ಟಕಾರವನ್ನು ಉಚ್ಚರಿಸುವುದು ವ್ಯರ್ಥಶ್ರಮವೇ ಸರಿ.

ಹಾಗೆಂದು ಇಂಗ್ಲಿಷು ಸರ್ವಥಾ ನಿರುಪಯೋಗಿಯಲ್ಲ. ಜ಼, ಫ಼, ಝ಼ ಎಂಬ ಧ್ವನಿಗಳೂ, ವ್ಯಂಜನದಲ್ಲಿ ಮುಗಿಯುವ ಪದಗಳೂ, ಪದದೊಳಗಣ ಬಲಾಘಾತವೂ ಇಂಗ್ಲಿಷಿನ ಪರಿಚಯದಿಂದ ಕನ್ನಡಿಗನಿಗೆ ಲಭಿಸುತ್ತವೆ. ಯಾವ ಧ್ವನಿಗೆ ಕನ್ನಡವನ್ನು ಆಶ್ರಯಿಸಬೇಕು, ಯಾವುದಕ್ಕೆ ಇಂಗ್ಲಿಷನ್ನು ಆಶ್ರಯಿಸಬೇಕು ಎಂಬ ವಿವೇಕವೇ ಇಲ್ಲಿ ಮುಖ್ಯವಾದುದು.

ಸ್ವರಗಳು

ಉಕ್ರೇನಿಯನಿನ ಆರು ಸ್ವರಗಳಲ್ಲಿ ಹ್ರಸ್ವ ದೀರ್ಘವೆಂಬ ಭೇದವಿಲ್ಲ. ಎ, ಒ, ಉಗಳು ಕನ್ನಡದ ಹ್ರಸ್ವಗಳನ್ನೇ ಹೋಲುತ್ತವೆ. ಅಕಾರದ ಸ್ಥಾನದಲ್ಲಿರುವ ಧ್ವನಿ ಮಾತ್ರ ನಮ್ಮ ಅಕಾರವಲ್ಲ. ನಮ್ಮ ಹ್ರಸ್ವವಾದ ಅಕಾರವು ಬಾಯನ್ನು ಅರೆತೆರೆದು ನುಡಿಯುವ ಸಂವೃತಧ್ವನಿ, ಉಕ್ರೇನಿಯನಿನದು ಆಕಾರದಂತೆ ವಿವೃತವಾದುದು. ಅಕಾರದ ಈ ಸಂವೃತತ್ವವನ್ನು ಪಾಣಿನಿಯು ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರದಲ್ಲಿ ಸೂಚಿಸಿರುವುದನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಕಾರದ ಗುಣವನ್ನು ಉಳಿಸಿಕೊಂಡು ಅದರ ಕಾಲವನ್ನು ಮಾತ್ರ ಮೊಟಕು ಮಾಡಿದರೆ ಸರಿಯಾದ ಧ್ವನಿ ಬರುತ್ತದೆ.

ಕಲಿಯುವವರೆಲ್ಲರನ್ನೂ ಕಾಡುವುದು ಇಕಾರದ ಎರಡು ಬಗೆಗಳು. ಒಂದು ನಾಲಗೆಯನ್ನು ಮುಂದಕ್ಕೂ ಮೇಲಕ್ಕೂ ಚೆನ್ನಾಗಿ ಎತ್ತಿ ನುಡಿಯುವ ಬಿಗಿಯಾದ ಇಕಾರ. ಇನ್ನೊಂದು ಅದಕ್ಕಿಂತ ತುಸು ಕೆಳಗೆ, ತುಸು ಹಿಂದೆ ನಿಲ್ಲುವ ಸಡಿಲವಾದ ಇಕಾರ. ಬಿಗಿಯಾಗಿ 'ಕಿತ್' ಎಂದರೆ ಬೆಕ್ಕು, ಸಡಿಲವಾಗಿ ಎಂದರೆ ತಿಮಿಂಗಿಲ. ಬಿಗಿಯಾದ 'ದಿಮ್' ಮನೆ, ಸಡಿಲವಾದದ್ದು ಹೊಗೆ. ಬಿಗಿಯಾದ 'ಲಿಸ್' ಕಾಡು, ಸಡಿಲವಾದದ್ದು ನರಿ. ಕನ್ನಡದಲ್ಲಿ ಈ ಭೇದ ಅಕ್ಷರಗಳಲ್ಲಿ ಇಲ್ಲವಾದರೂ ಬಾಯಲ್ಲಿ ಸ್ವಲ್ಪಮಟ್ಟಿಗೆ ಇದೆ. ಕಿವಿ ಎಂಬಲ್ಲಿಯ ಇಕಾರಕ್ಕಿಂತ ಕೀಲು ಎಂಬಲ್ಲಿಯ ಈಕಾರ ಉದ್ದವಾಗಿರುವುದಷ್ಟೇ ಅಲ್ಲದೆ ಬಿಗಿಯಾಗಿಯೂ ಇರುವುದನ್ನು ಸಾವಧಾನವಾಗಿ ಉಚ್ಚರಿಸಿದವನು ಅರಿಯಬಲ್ಲನು. ಆ ಬಿಗಿತವನ್ನು ಇಟ್ಟುಕೊಂಡು ಉದ್ದವನ್ನು ತ್ಯಜಿಸಿದರೆ ಮೊದಲನೆಯ ಧ್ವನಿಯೂ, ಹ್ರಸ್ವದ ಇಕಾರವನ್ನೇ ಇನ್ನಷ್ಟು ಸಡಿಲಿಸಿ ಎಕಾರದತ್ತ ಕೊಂಚ ಸರಿಸಿದರೆ ಎರಡನೆಯದೂ ದೊರೆಯುತ್ತವೆ. ಆಘಾತವಿಲ್ಲದ ಸ್ಥಾನದಲ್ಲಿ ಎಕಾರವೂ ಈ ಸಡಿಲ ಇಕಾರವೂ ಒಂದಕ್ಕೊಂದು ಸಮೀಪಿಸುವುದುಂಟು.

ಇನ್ನೊಂದು ಎಚ್ಚರ ಕನ್ನಡಿಗನಿಗೇ ವಿಶಿಷ್ಟವಾದುದು. ಆಡುಮಾತಿನಲ್ಲಿ ನಾವು ಎಲ್ಲಿ ಎಂಬುದನ್ನು 'ಯೆಲ್ಲಿ' ಎಂದೂ ಒಂದು ಎಂಬುದನ್ನು 'ವೊಂದು' ಎಂದೂ ನುಡಿಯುವುದು ರೂಢಿ. ಉಕ್ರೇನಿಯನಿನಲ್ಲಿ ಎಕಾರಕ್ಕೆ ಒಂದಕ್ಷರ, ಯೆಕಾರಕ್ಕೆ ಮತ್ತೊಂದಕ್ಷರ ಇರುವುದರಿಂದ ಈ ಸ್ವಾತಂತ್ರ್ಯಕ್ಕೆ ಅಲ್ಲಿ ಅವಕಾಶವಿಲ್ಲ. ಕಣ್ಣು ಎಂಬರ್ಥದ 'ಓಕೊ' ಎಂಬುದನ್ನು 'ವೋಕೊ' ಎಂದರೆ ಕೇಳುಗನಿಗೆ ಅಸಹಜವಾಗಿ ತೋರುವುದು.

ಹಕಾರ, ಗಕಾರ, ಖ಼ಕಾರ

ಉಕ್ರೇನಿಯನ್ ಉಚ್ಚಾರಣೆಯ ಪಾಠವನ್ನು ದಾವಣಗೆರೆ, ಹರಿಹರ ಎಂಬ ಊರ ಹೆಸರುಗಳಿಂದಲೇ ಆರಂಭಿಸಬಹುದು. ಸಿರಿಲಿಕ್ ಲಿಪಿಯಲ್ಲಿ ಕೊಕ್ಕೆಯಾಕಾರದ ಅಕ್ಷರವೊಂದುಂಟು. ರಷ್ಯನಿನಲ್ಲಿ ಅದು ಗಕಾರ. ಉಕ್ರೇನಿಯನಿನಲ್ಲಿ ಅದು ಹಕಾರ, ಅದರ ಹೆಸರೇ 'ಹೆ'. ಗಕಾರ ಬೇಕಾದಲ್ಲಿ ಅದೇ ಅಕ್ಷರದ ಬಲತುದಿಯನ್ನು ಮೇಲಕ್ಕೆ ಚಾಚಿ ಬರೆದ 'ಗೆ' ಎಂಬ ಬೇರೊಂದಕ್ಷರವನ್ನು ಬಳಸಬೇಕು. ಹರಿಹರದ ಎರಡು ಹಕಾರಗಳಿಗೆ 'ಹೆ' ಸಾಕು. ದಾವಣಗೆರೆಗೆ ತುದಿ ಚಾಚಿದ 'ಗೆ' ಬೇಕು, ಇಲ್ಲವಾದರೆ ಉಕ್ರೇನಿಯನ್ ಓದುಗನು ಅದನ್ನು 'ದಾವನಹೆರೆ' ಎಂದು ಓದಿಯಾನು. ಇದು ಬರಿಯ ಊಹೆಯಲ್ಲ: ಗಂಗಾನದಿಯ ಹೆಸರನ್ನು ಆ ಭಾಷೆಯಲ್ಲಿ ರೂಢಿಯಾಗಿ 'ಹೆ' ಅಕ್ಷರದಿಂದ ಬರೆದು 'ಹಾನ್ಹ್' ಎಂದೂ, ಗಾಂಧಿಯವರ ಹೆಸರನ್ನು 'ಹಾಂದಿ' ಎಂದೂ ನುಡಿಯುತ್ತಾರೆ. ಕನ್ನಡ ಓದುಗರು ಗೊಗೋಲ್ ಎಂದು ಬಲ್ಲ ಸಾಹಿತಿ, ಉಕ್ರೇನಿನ ಮಣ್ಣಿನಲ್ಲಿಯೇ ಹುಟ್ಟಿದವನು, ಅಲ್ಲಿಯವರ ಬಾಯಲ್ಲಿ 'ಹೋಹೊಲ್'.

ಸ್ಲಾವಿಕ್ ಮೂಲದ ಗಕಾರವು ಉಕ್ರೇನಿಯನಿನಲ್ಲಿ ಹಕಾರವಾಗಿ ಮಾರ್ಪಟ್ಟುದು, ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗಿ ಪಾಲು ಹಾಲಾದುದನ್ನು ನೆನಪಿಗೆ ತರುವ ಧ್ವನಿವ್ಯತ್ಯಯ. 'ಗೆ' ಅಕ್ಷರದ ಇತಿಹಾಸವೂ ಕನ್ನಡಿಗನು ವಿಚಾರಿಸತಕ್ಕದ್ದು. 1933ರ ಸೋವಿಯತ್ ವರ್ಣವಿನ್ಯಾಸವು ಅದನ್ನು ವರ್ಣಮಾಲೆಯಿಂದಲೇ ತೆಗೆದುಹಾಕಿತು. 1990ರಲ್ಲಿ ಅದು ಮರಳಿ ಸ್ಥಾನವನ್ನು ಪಡೆಯಿತು. ನಮ್ಮ ಱ, ೞ ಎಂಬ ಅಕ್ಷರಗಳು ಜನರ ಬಾಯಿಂದ ಧ್ವನಿ ಮಾಯವಾದುದರಿಂದ ಬರೆಹದಿಂದಲೂ ಮರೆಯಾದವು. ಅಲ್ಲಿಯಾದರೋ ಧ್ವನಿ ಉಳಿದಿದ್ದಾಗಲೇ ಅಕ್ಷರ ಆಜ್ಞೆಯಿಂದ ಅಳಿಯಿತು. 'ಗ್ರಾತಿ' ಎಂದರೆ ಕಿಟಕಿಯ ಕಂಬಿಗಳು, 'ಹ್ರಾತಿ' ಎಂದರೆ ಆಡುವುದು. ಐವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಇವೆರಡನ್ನೂ ಒಂದೇ ರೀತಿಯಲ್ಲಿ ಬರೆಯಬೇಕಾಗಿತ್ತು.

ಇಂಗ್ಲಿಷಿನ ಹಕಾರ ಬರಿಯ ಉಸಿರು, ಅದರಲ್ಲಿ ನಾದವಿಲ್ಲ. ಉಕ್ರೇನಿಯನಿನ ಹಕಾರ ನಾದಯುಕ್ತವಾದುದು. ಆಂಗ್ಲನು ಇದನ್ನು ಸಾಧಿಸಲು ಬಹಳ ಹೆಣಗುವನು. ಕನ್ನಡಿಗನು ಗಂಟಲ ಮೇಲೆ ಬೆರಳಿಟ್ಟು 'ಮಹಾ' ಎಂದು ನುಡಿದರೆ ಕಂಪನವು ನಡುವೆ ಕಡಿಯದಿರುವುದನ್ನು ತಾನೇ ಕಾಣಬಹುದು. ಆದರೆ ಹಕ್ಕಿಯನ್ನು ಅಕ್ಕಿಯೆನ್ನುವ ಗ್ರಾಮ್ಯದ ರೂಢಿಯಿರುವವರು ಇಲ್ಲಿ ಜಾಗರೂಕರಾಗಿರಬೇಕು; ತಲೆಯೆಂಬರ್ಥದ 'ಹೊಲೊವಾ', ಗಂಟಲೆಂಬರ್ಥದ 'ಹೋರ್ಲೊ' ಎಂಬ ಪದಗಳಲ್ಲಿ ಹಕಾರ ಲೋಪವಾದರೆ ಪದವೇ ಕೆಡುತ್ತದೆ.

ಮೂರನೆಯದಾದ ಖ಼ಕಾರವು ಕನ್ನಡದ್ದಲ್ಲ. ಇಂಗ್ಲಿಷಿನಲ್ಲಿಯೂ ಇದು ಸಾಮಾನ್ಯವಾಗಿ ಇಲ್ಲದುದರಿಂದ ಆಂಗ್ಲನು ಇದಕ್ಕೂ ಹಕಾರವನ್ನೇ ಬಳಸಿ ಎರಡನ್ನೂ ಬೆರಸಿಬಿಡುವನು. ಕನ್ನಡಿಗನು ಖಾರ್ಕಿವ್ ಎಂಬುದರ ಮೊದಲಕ್ಷರವನ್ನು ಮಹಾಪ್ರಾಣವಾದ ಖಕಾರವೆಂದು ನುಡಿಯುವುದುಂಟು. ಅದೂ ಸರಿಯಲ್ಲ, ಏಕೆಂದರೆ ಈ ಭಾಷೆಯಲ್ಲಿ ಮಹಾಪ್ರಾಣಗಳೇ ಇಲ್ಲ. ಹರಿಹರ, ದಾವಣಗೆರೆಗಳಲ್ಲಿ ದಖನಿ ಉರ್ದುವನ್ನಾಡುವ ನೆರೆಹೊರೆಯವರಿಗೆ ಈ ಧ್ವನಿ ನಿತ್ಯದ್ದು; ಅವರು ಖಬರು ಎನ್ನುವುದನ್ನು ಕಿವಿಗೊಟ್ಟು ಕೇಳಿದರೆ ಪುಸ್ತಕಕ್ಕಿಂತ ಬೇಗ ಬರುತ್ತದೆ. 'ಹೋಲೊದ್' ಎಂದರೆ ಹಸಿವು, 'ಖ಼ೋಲೊದ್' ಎಂದರೆ ಚಳಿ. 1932–33ರ ಮಹಾಕ್ಷಾಮಕ್ಕೆ 'ಹೊಲೊದೊಮೊರ್' ಎಂಬ ಹೆಸರು ಬಂದುದು ಮೊದಲನೆಯದರಿಂದ. ರೋಗಿಗೆ ದೀರ್ಘವಾಗಿ ಉಸಿರಾಡಿರೆಂದು ಹೇಳುವ 'ದೀಖ಼ಾಯ್ತೆ ಹ್ಲಿಬೋಕೊ' ಎಂಬ ಎರಡೇ ಪದಗಳಲ್ಲಿ ಎರಡೂ ಧ್ವನಿಗಳಿರುವುದರಿಂದ, ವೈದ್ಯವಿದ್ಯಾರ್ಥಿಯು ಈ ಭೇದವನ್ನು ಕಡೆಗಣಿಸುವಂತಿಲ್ಲ.

ವಕಾರ ಮತ್ತು ಊಷ್ಮಗಳು

ಇಂಗ್ಲಿಷಿನಲ್ಲಿ ತುಟಿಹಲ್ಲುಗಳ ವಕಾರ ಬೇರೆ, ದುಂಡುತುಟಿಯ ವಕಾರ ಬೇರೆ. ಉಕ್ರೇನಿಯನಿನದು ಇವೆರಡರ ನಡುವಣದು. ನಮ್ಮ ವಕಾರದ ಹಾಗೆಯೇ ಮೃದುವಾಗಿ ಸೋಕಿ ಬಿಡುವಂಥದು. ಅಕ್ಷರಾಂತ್ಯದಲ್ಲಿ ಮಾತ್ರ ಅದು ಕಿರಿದಾದ ಉಕಾರವಾಗಿ ಕರಗುತ್ತದೆ. ಹೀಗಾಗಿ ಲ್ವಿವ್ ಎಂಬ ನಗರದ ಹೆಸರು 'ಲ್ವಿಉ' ಎಂಬಂತೆಯೂ, ರಕ್ತವೆಂಬರ್ಥದ 'ಕ್ರೊವ್' ಎಂಬುದು 'ಕ್ರೊಉ' ಎಂಬಂತೆಯೂ ಕೇಳಿಸುವುವು. ರಾಜಧಾನಿಯ ಹೆಸರು 'ಕೀವ್' ಎಂದು ಒಂದೇ ಉಸಿರಿನದಲ್ಲ. ಸಡಿಲ ಇಕಾರದ 'ಕಿ' ಮೊದಲು, ಬಿಗಿ ಇಕಾರದ 'ಯಿಉ' ಅನಂತರ.

ಜಕಾರದ ಮನೆಯಲ್ಲಿ ಕನ್ನಡಿಗನಿಗೆ ತೊಂದರೆ ಹೆಚ್ಚು. ಪತ್ರಿಕೆಗಳಲ್ಲಿ ಝಪೊರಿಝಿಯಾ ಎಂದು ಬರೆಯುವ ಪಟ್ಟಣದ ಹೆಸರಿನಲ್ಲಿ ಮೊದಲ ಝಕಾರ ಜ಼ ಎಂಬ ಧ್ವನಿಯನ್ನೂ, ಎರಡನೆಯದು ದ್ವಿತ್ವವಾದ ಝ಼ ಎಂಬ ಬೇರೊಂದನ್ನೂ ಪ್ರತಿನಿಧಿಸುತ್ತವೆ. ನಮ್ಮ ಲಿಪಿಯಲ್ಲಿ ಎರಡೂ ಒಂದಾಗಿ, ಓದುವವನ ಬಾಯಲ್ಲಿ ಎರಡೂ ತಪ್ಪಾಗುತ್ತವೆ. ಇಲ್ಲಿ ಇಂಗ್ಲಿಷಿನ ಪರಿಚಯವೇ ಶರಣು. ಹಲ್ಲೆಂಬರ್ಥದ 'ಜ಼ುಬ್' ಎಂಬುದನ್ನು 'ಜುಬ್' ಎನ್ನದಿರುವ ಅಭ್ಯಾಸವನ್ನು ಆರಂಭದಲ್ಲಿಯೇ ಬೆಳಸಿಕೊಳ್ಳುವುದು ಮೇಲು.

ತಕಾರ ಸಕಾರಗಳು ಬೆಸೆದು ಒಂದೇ ಅಕ್ಷರವಾದ 'ತ್ಸ' ಧ್ವನಿಯು ಇಂಗ್ಲಿಷಿನಲ್ಲಿ ಪದಾದಿಗೆ ಬಾರದೆ ಆಂಗ್ಲರನ್ನು ಕಂಗೆಡಿಸುವುದು. ಕನ್ನಡಿಗನಿಗೆ ಉತ್ಸವ, ಚಿಕಿತ್ಸೆ ಎಂಬ ತತ್ಸಮಗಳು ದಾರಿಯನ್ನು ತೋರುತ್ತವೆ. ಮರಾಠಿ ಮನೆಮಾತಿನವರಿಗೆ ಅವರ ಚಕಾರದ ಒಂದು ಬಗೆ ಇದೇ ಧ್ವನಿಯಾಗಿದೆ. ಚಿಕಿತ್ಸೆಯಲ್ಲಿಯ ತ್ಸೆಕಾರವನ್ನು ಬಲ್ಲವನು ಹೃದಯವೆಂಬರ್ಥದ 'ಸೇರ್ತ್ಸೆ' ಎಂಬುದನ್ನು ತಡವರಿಸದೆ ನುಡಿಯಬಹುದು. 'ಶ್ಚ' ಎಂಬುದಕ್ಕೂ ಅಲ್ಲಿ ಒಂದೇ ಅಕ್ಷರ. ಆಶ್ಚರ್ಯ, ನಿಶ್ಚಯ ಎಂದು ಸ್ಫುಟವಾಗಿ ನುಡಿಯುವವನಿಗೆ 'ಏನು' ಎಂಬರ್ಥದ 'ಶ್ಚೊ' ಎಂಬುದು ಕಷ್ಟವಲ್ಲ.

ಮೃದುವ್ಯಂಜನಗಳು

ಆಂಗ್ಲರಿಗೂ ಕನ್ನಡಿಗರಿಗೂ ಸಮಾನವಾಗಿ ಕಠಿನವಾದುದು ಮೃದುವ್ಯಂಜನಗಳ ವರ್ಗ. ತ, ದ, ನ, ಲ, ಸ, ಜ಼, ತ್ಸ ಮೊದಲಾದವುಗಳನ್ನು ಉಚ್ಚರಿಸುವ ಕ್ಷಣದಲ್ಲಿಯೇ ನಾಲಗೆಯ ನಡುಭಾಗವನ್ನು ಅಂಗುಳದತ್ತ ಎತ್ತಿದರೆ ಅವು ಮೃದುವಾಗುತ್ತವೆ. ಬರೆಹದಲ್ಲಿ ಇದಕ್ಕೆ ಸ್ವಂತ ಧ್ವನಿಯಿಲ್ಲದ ಮೃದುಚಿಹ್ನೆಯೊಂದುಂಟು. ಸಾಮಾನ್ಯವಾದ ತಪ್ಪು ಯಾವುದೆಂದರೆ, ವ್ಯಂಜನವನ್ನು ಮುಗಿಸಿ ಬಳಿಕ ಯಕಾರವನ್ನು ಸೇರಿಸಿ ನಿತ್ಯ, ಮೂಲ್ಯ ಎಂಬಂತೆ ಒತ್ತಕ್ಷರವನ್ನಾಗಿಸುವುದು. ಯಕಾರವು ವ್ಯಂಜನದ ಹಿಂದೆ ಬರಬಾರದು, ಅದರೊಳಗೇ ಲೀನವಾಗಿರಬೇಕು.

ವರ್ಣಮಾಲೆಯ ಪಾಠದಲ್ಲಿ ಬಾಯಿಪಾಠವಾಗಿ ಬಂದು ಬಳಕೆಯಲ್ಲಿ ಬಿಡಿಯಾಗಿ ಕಾಣದ ಞಕಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಂಚ, ಕುಂಚ ಎಂಬಲ್ಲಿ ಅನುಸ್ವಾರವಾಗಿ ನಾವು ನಿತ್ಯವೂ ನುಡಿಯುವ ಞಕಾರ ಮೃದುವಾದ ನಕಾರಕ್ಕೆ ಬಹಳ ಹತ್ತಿರದ್ದು. ಹಗಲೆಂಬರ್ಥದ ಪದವನ್ನು 'ದೆಞ್' ಎಂದೂ, ಕುದುರೆಯೆಂಬರ್ಥದ ಪದವನ್ನು 'ಕಿಞ್' ಎಂದೂ ಬರೆದುಕೊಂಡರೆ ಗುರಿ ಹೆಚ್ಚು ದೂರವಿಲ್ಲ. ಇತರ ಮೃದುಗಳನ್ನು ಕಿವಿಯ ಅಭ್ಯಾಸದಿಂದಲೇ ಸ್ವಾಧೀನಮಾಡಿಕೊಳ್ಳಬೇಕು. ಭದ್ರೆಯ ನೀರಿನಿಂದ ಬತ್ತ ಬೆಳೆಯುವ ಸೀಮೆಯವರು ನೆನಪಿಡಲು ಯೋಗ್ಯವಾದ ಜೋಡಿಯೊಂದುಂಟು: ಗಡುಸಾದ ಸಕಾರದಿಂದ 'ರಿಸ್' ಎಂದರೆ ಅಕ್ಕಿ, ಅದೇ ಸಕಾರವನ್ನು ಮೃದುಗೊಳಿಸಿದರೆ ಲಿಂಕ್ಸ್ ಎಂಬ ಕಾಡುಬೆಕ್ಕು.

ಮೃದುತ್ವಕ್ಕೆ ವಿರುದ್ಧವಾದ ಕೆಲಸ ಅಪಾಸ್ಟ್ರಫಿ ಎಂಬ ಮೇಲುಕೊಂಬೆಯ ಚಿಹ್ನೆಯದು. ಐದು ಎಂಬರ್ಥದ ಪದದಲ್ಲಿ ಪಕಾರವಾದ ಮೇಲೆ ಈ ಚಿಹ್ನೆ ಬಂದು, ಪಕಾರವನ್ನೂ ಯಾಕಾರವನ್ನೂ ಬೇರ್ಪಡಿಸಿ 'ಪ್-ಯಾತ್' ಎಂದು ಓದಿಸುತ್ತದೆ. ಇದು ಒತ್ತಕ್ಷರದ ಉಚ್ಚಾರಣೆಯೇ ಆದುದರಿಂದ ಕನ್ನಡಿಗನಿಗೆ ಸುಲಭ.

ಪದಾಂತ, ಸಂಯುಕ್ತ, ದ್ವಿತ್ವ

ಕನ್ನಡ ಪದಗಳು ಸ್ವರಾಂತಗಳು. ಹೊರಗಿನಿಂದ ಬಂದ ಪದಕ್ಕೂ ನಾವು ಉಕಾರವನ್ನು ಕೂಡಿಸಿ ಬಸ್ಸು, ಕಾರು, ಮಿಲ್ಲು ಎಂದು ನಮ್ಮದಾಗಿಸುವೆವು. ಉಕ್ರೇನಿಯನಿನಲ್ಲಿ ಈ ಉಕಾರವು ಒಂದು ವಿಭಕ್ತಿಪ್ರತ್ಯಯದಂತೆ ಕೇಳಿಸಿ ಅರ್ಥವನ್ನೇ ಬದಲಿಸಬಹುದಾದುದರಿಂದ, ವ್ಯಂಜನದಲ್ಲಿ ನಿಲ್ಲುವುದನ್ನು ಕಲಿಯಲೇಬೇಕು. ಹಾಗೆ ನಿಲ್ಲುವಾಗ ನಾದವನ್ನು ಬಿಡಬಾರದು: ರಷ್ಯನರು ಪದಾಂತದ ಬಕಾರವನ್ನು ಪಕಾರದಂತೆ ನುಡಿಯುವರು, ಉಕ್ರೇನಿಯನರು ಬಕಾರವಾಗಿಯೇ ಉಳಿಸುವರು. 'ಹ್ರಿಬ್' ಎಂದರೆ ಅಣಬೆ, 'ಹ್ರಿಪ್' ಎಂದರೆ ಶೀತಜ್ವರ. ವೈದ್ಯನ ಬಾಯಲ್ಲಿ ಇವು ಅದಲುಬದಲಾದರೆ ರೋಗಿಯು ನಗುವನು ಅಥವಾ ಗಾಬರಿಗೊಳ್ಳುವನು.

ದ್ವಿತ್ವದಲ್ಲಿ ಕನ್ನಡಿಗನದೇ ಮೇಲುಗೈ. ಅಕ್ಕ, ಅನ್ನ, ಹಳ್ಳಿ ಎಂದು ವ್ಯಂಜನವನ್ನು ಹಿಡಿದು ಬಿಡುವ ಅಭ್ಯಾಸ ಆಂಗ್ಲರಿಗಿಲ್ಲ. ಜೀವನವೆಂಬರ್ಥದ 'ಝ಼ಿತ್ತ್ಯಾ', ಮದುವೆಯೆಂಬರ್ಥದ 'ವೆಸೀಲ್ಲ್ಯಾ' ಎಂಬ ಪದಗಳಲ್ಲಿ ಅವರು ದ್ವಿತ್ವವನ್ನು ಸಡಿಲಿಸುವರು, ನಾವು ಸಡಿಲಿಸೆವು.

ಬಲಾಘಾತ

ಪದದ ಯಾವ ಅಕ್ಷರದ ಮೇಲೆ ಬಲ ಬೀಳುವುದೆಂಬುದಕ್ಕೆ ಉಕ್ರೇನಿಯನಿನಲ್ಲಿ ಸ್ಥಿರವಾದ ನಿಯಮವಿಲ್ಲ. ಪದದೊಂದಿಗೇ ಅದನ್ನೂ ಕಲಿಯಬೇಕು. 'ಜ಼ಾಮೊಕ್' ಎಂದು ಮೊದಲಕ್ಷರವನ್ನು ಒತ್ತಿದರೆ ಕೋಟೆಯರಮನೆ, 'ಜ಼ಮೋಕ್' ಎಂದು ಎರಡನೆಯದನ್ನು ಒತ್ತಿದರೆ ಬೀಗ. 'ಮೂಕ' ಎಂದರೆ ಯಾತನೆ, 'ಮುಕಾ' ಎಂದರೆ ಹಿಟ್ಟು. ಒಂದೇ ಪದದ ರೂಪಗಳಲ್ಲಿಯೂ ಅದರಿಂದ ಹುಟ್ಟಿದ ಪದಗಳಲ್ಲಿಯೂ ಬಲವು ಸ್ಥಳವನ್ನು ಬದಲಿಸುತ್ತದೆ: ಕೈ ಎಂಬುದು 'ರುಕಾ', ಕೈಗಳು ಎಂಬುದು 'ರೂಕಿ', ವೈದ್ಯನು 'ಲೀಕರ್', ಆಸ್ಪತ್ರೆಯು 'ಲಿಕಾರ್ನ್ಯ'. ಕನ್ನಡದಲ್ಲಿ ಬಲವು ಸೌಮ್ಯವಾಗಿ ಮೊದಲಕ್ಷರದ ಮೇಲಿರುವುದರಿಂದ ನಾವು ಎಲ್ಲ ಪದಗಳನ್ನೂ ಹಾಗೆಯೇ ನುಡಿಯಲು ತೊಡಗುತ್ತೇವೆ. ಆದರೆ ಬಲ ಬಿದ್ದ ಸ್ವರವು ಅಲ್ಲಿ ತುಸು ಉದ್ದವಾಗುವುದರಿಂದ, ಈ ಪರಿಚ್ಛೇದದ ಉದಾಹರಣೆಗಳಲ್ಲಿ ಮಾಡಿರುವಂತೆ, ಕನ್ನಡ ಲಿಪಿಯ ದೀರ್ಘಚಿಹ್ನೆಯನ್ನೇ ಬಲಾಘಾತದ ಗುರುತಾಗಿ ಬಳಸುವುದು ಆರಂಭದಲ್ಲಿ ಉಪಕಾರಿ. ರೋಮನ್ ಲಿಪಿಯಲ್ಲಿ ಈ ಅನುಕೂಲ ಸಹಜವಾಗಿ ಒದಗದು.

ಕಲಿಕೆಯ ಕ್ರಮ

ಮೇಲಣ ವಿಚಾರದಿಂದ ಕನ್ನಡಿಗನಿಗೆ ಉಚಿತವಾದ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ರೋಮನ್ ಲಿಪ್ಯಂತರವನ್ನು ಬದಿಗಿಟ್ಟು ಸಿರಿಲಿಕ್ ಅಕ್ಷರಗಳನ್ನು ನೇರವಾಗಿ ಕನ್ನಡದ ಅಕ್ಷರಗಳಿಗೆ ಹೊಂದಿಸಬೇಕು; ಪ, ಬ, ತ, ದ, ಕ, ಮ, ರ, ವ, ಹ ಎಂಬಿವು ಆ ದಿನವೇ ಕೈವಶವಾಗುವುವು. ಅನಂತರ ಇಂಗ್ಲಿಷಿನಿಂದ ಜ಼, ಫ಼, ಝ಼ಗಳನ್ನೂ, ದಖನಿಯಿಂದ ಖ಼ಕಾರವನ್ನೂ, ತತ್ಸಮಗಳಿಂದ ತ್ಸ, ಶ್ಚಗಳನ್ನೂ ಪಡೆಯಬೇಕು. ಯಾವ ಆಶ್ರಯವೂ ಸಾಲದ ಮೃದುವ್ಯಂಜನಗಳು, ಎರಡು ಇಕಾರಗಳು, ಬಲಾಘಾತ ಎಂಬ ಮೂರಕ್ಕೆ ಉಳಿದ ಶ್ರಮವನ್ನೆಲ್ಲ ಮೀಸಲಿಡಬೇಕು. ಆಂಗ್ಲರಿಗಾಗಿ ಬರೆದ ಪುಸ್ತಕವು ಮೊದಲ ಗುಂಪಿನ ಮೇಲೆಯೇ ಪುಟಗಳನ್ನು ವ್ಯಯಿಸುವುದರಿಂದ, ಅದನ್ನು ಯಥಾವತ್ತಾಗಿ ಅನುಸರಿಸುವ ಕನ್ನಡಿಗನು ಬಲ್ಲುದನ್ನು ಮತ್ತೆ ಕಲಿತು, ಕಲಿಯಬೇಕಾದುದಕ್ಕೆ ವೇಳೆಯಿಲ್ಲದವನಾಗುವನು.

ಇದೇ ವಿಚಾರವು ಕನ್ನಡದ ಬರೆಹಕ್ಕೂ ಅನ್ವಯಿಸುತ್ತದೆ. ಯುದ್ಧದ ವಾರ್ತೆಗಳಿಂದ ಕನ್ನಡಕ್ಕೆ ಬಂದ ಒಡೆಸಾ, ಡ್ನಿಪ್ರೊ, ವೊಲೊಡಿಮಿರ್ ಎಂಬ ರೂಪಗಳಲ್ಲಿಯ ಡಕಾರ ಉಕ್ರೇನಿನದಲ್ಲ, ನಮ್ಮ ಕಿವಿಯ ಮೇಲೆ ಇಂಗ್ಲಿಷು ಮೂಡಿಸಿದ ಮುದ್ರೆ. ಒದೇಸಾ, ದ್ನಿಪ್ರೋ, ವೊಲೊದೀಮಿರ್ ಎಂದು ಬರೆಯಲು ಬೇಕಾದ ಅಕ್ಷರಗಳೆಲ್ಲವೂ ಕನ್ನಡದಲ್ಲಿವೆ. ದೇಶದ ಹೆಸರಾದ 'ಉಕ್ರಯೀನಾ' ಎಂಬುದರ ಮೊದಲಕ್ಷರವನ್ನು ಯುಕಾರವಾಗಿಸದೆ ಉಕ್ರೇನ್ ಎಂದು ಬರೆಯುವ ನಮ್ಮ ರೂಢಿ, ಈ ಒಂದು ವಿಷಯದಲ್ಲಾದರೂ, ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರವಾಗಿ ನಿಂತಿದೆ.